ಕ್ಯಾತಣ್ಣ ಮಗಳನ್ನು ಮೇಯಿಸಿದ್ದು

"ಎರಡೇ ಎರಡು ತಿಂಗ್ಳು ನನ್ ಕೈಗೆ ಬುಡ್ರಿ. ಕಡ್ಡಿ ಕೊಟ್ರೆ ಕಂಬ ಮಾಡಿ ಕೊಡ್ತೀನಿ!"

ಕಳ್ಳಂಬೆಳ್ಳದ ಹತ್ತಿರದ ಹಟ್ಟಿಯೊಂದರಲ್ಲಿ ಕ್ಯಾತಣ್ಣ ಹೀಗೆ ಘೋಷಿಸಿದ್ದು ತನ್ನ ಮನೆಯ ಜಗುಲಿಯ ಮೇಲೆ. ಸಭಿಕರು ಹೆಂಡತಿ ಕ್ಯಾತಮ್ಮ, ಮಗಳು ಲಾವಣ್ಯ ಮತ್ತು ರೊಪ್ಪದಲ್ಲಿದ್ದ ಒಂದಷ್ಟು ಕುರಿಗಳು. ಕುರಿ ಎಷ್ಟು ಎಂದು ಕೇಳಬೇಡಿ. ಎಣಿಸಿ ಹೇಳಿದರೆ ಕಡಿಮೆಯಾಗುತ್ತವೆ ಎಂದು ಅವನ ನಂಬಿಕೆ.

ಕಡ್ಡಿ ಎಂದರೆ ಲಾವಣ್ಯ. ಶಿರಾ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಓದುತ್ತಲೇ ಮಹಿಳಾ ಪೊಲೀಸ್ ಪರೀಕ್ಷೆಗೂ ಕೂತು, ಬರೆಯುವ ಪರೀಕ್ಷೆ ಪಾಸು ಮಾಡಿ ಇಡೀ ಹಟ್ಟಿ ಮೂಗಿನ ಮೇಲೆ ಬೆರಳಿಟ್ಟುಕೊಳ್ಳುವಂತೆ ಮಾಡಿದ್ದಳು. ಇನ್ನುಳಿದದ್ದು ಓಟ ಮತ್ತು ತೂಕ. ಓಟಕ್ಕೇನು, ಕುರಿಯ ಹಿಂದೆ ಓಡಿ ಬೆಳೆದ ಕಾಲು. ಆದರೆ ತೂಕ ನಲವತ್ತೈದು ಕೆ.ಜಿ. ಇರಲೇಬೇಕಂತೆ. ಕಾಲೇಜಿನ ಆರೋಗ್ಯ ತಪಾಸಣೆಯಲ್ಲಿ ಅವಳು ತೂಗಿದ್ದು ನಲವತ್ತೊಂದು.

ಅದನ್ನು ಕೇಳಿದ ಗಳಿಗೆಯೇ ಕ್ಯಾತಣ್ಣನ ಎದೆ ಧಸಕ್ಕೆಂದಿತ್ತು. ಜಂಬ ಹೊರಗಿನದು, ಭಯ ಒಳಗಿನದು. ಮಗಳಿಗೆ ಗಣಿತ ಬರುತ್ತದೆ, ಇಂಗ್ಲಿಷ್ ಬರುತ್ತದೆ, ಅದ್ಯಾವುದೂ ಅವನಿಗೆ ಬರದು. ಅವನಿಗೆ ಬರುವುದು ಒಂದೇ ವಿದ್ಯೆ: ಬಡಕಲು ಟಗರನ್ನು ತಂದು, ಮೇಯಿಸಿ, ಕೊಬ್ಬಿಸಿ ಮಾರುವುದು. ಮೈ ಸವರಿದರೆ ಸಾಕು, ತೂಕ ಹೇಳುತ್ತಿದ್ದ. ಶಿರಾ, ಮಧುಗಿರಿ, ಪಾವಗಡ ಮೂರೂ ತಾಲ್ಲೂಕಿನ ಸಂತೆಗಳಲ್ಲಿ 'ತೂಕದ ಕ್ಯಾತಣ್ಣ' ಎಂದೇ ಹೆಸರು. ಅಂಥವನ ಮಗಳು ಬೇರೆಲ್ಲದರಲ್ಲಿ ಗೆದ್ದು ತೂಕದಲ್ಲಿ ಫೇಲಾದರೆ? ಸಂತೆಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ?

"ನಿಂಗೇನು ರೋಗ ಇಲ್ಲ ಕಣವ್ವ. ಮೇವು ಸಾಲ್ದು, ಅಷ್ಟೇಯ," ಎಂದ.

"ಮೇವಲ್ಲ ಅಪ್ಪ, ಊಟ. ಅದಕ್ಕೆ ಟೈಮ್ ಎಲ್ಲಿದೆ?" ಎಂದಳು ಲಾವಣ್ಯ.

ಅವಳು ಹೇಳಿದ್ದೂ ನಿಜವೇ. ಬೆಳಗ್ಗೆ ಐದಕ್ಕೆ ಕೆರೆ ಏರಿಯ ಮೇಲೆ ಓಟ, ಏಳಕ್ಕೆ ಬಸ್ಸು, ಕಾಲೇಜು, ಲ್ಯಾಬು, ಲೈಬ್ರರಿ, ಸಂಜೆ ಬಂದರೆ ಹಟ್ಟಿಯ ಮಕ್ಕಳಿಗೆ ಟ್ಯೂಷನ್ನು. ಇದರ ಮಧ್ಯೆ ಒಂದು ಟೀ, ಅರ್ಧ ಚಪಾತಿ, ಅದೂ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು.

"ಕುರಿಗೆ ಎಲ್ಲೈತೆ ಟೈಮು? ಅದೇನು ತಟ್ಟೆ ಹಾಕ್ಕೊಂಡು ಕುಂತ್ಕಂತದಾ? ನಡೀತಾ ನಡೀತಾನೇ ಮೇಯ್ತದೆ. ನೀನೂ ನಡೀತಾ ಮೇಯಿ!"

ಹೀಗೆ ಶುರುವಾಯಿತು ಮಹಾಯಜ್ಞ. ಹುರಿದ ಕಡಲೆಕಾಯಿ ಬೀಜ, ಎಳ್ಳು, ಕೊಬ್ಬರಿ, ರಾಗಿ ಹುರಿಹಿಟ್ಟು, ಬೆಲ್ಲ, ಮೇಲೆ ಧಾರಾಳವಾಗಿ ತುಪ್ಪ. ಕುಟ್ಟಿ ಕಟ್ಟಿದ ಉಂಡೆ ಒಂದೊಂದೂ ನಿಂಬೆಹಣ್ಣಿನ ಗಾತ್ರ. ಟಗರಿಗೆ ಒಂದೇ ಸಲ ಸುರಿದರೆ ಹೊಟ್ಟೆ ಉಬ್ಬರಿಸುತ್ತದೆ, ಸ್ವಲ್ಪ ಸ್ವಲ್ಪ ಐದಾರು ಸಲ ಕೊಡಬೇಕು. ಅದೇ ಪದ್ಧತಿ ಮಗಳಿಗೂ. ಬಸ್ಸು ಹತ್ತುವಾಗ ಎರಡು, ಇಳಿಯುವಾಗ ಒಂದು, ಹನ್ನೊಂದಕ್ಕೆ ಒಂದು, ಊಟದ ಡಬ್ಬಿಗೆ ಎರಡು ಮೊಟ್ಟೆ, ನಾಲ್ಕಕ್ಕೆ ಬಾಳೆಹಣ್ಣು, ರಾತ್ರಿ ಮುದ್ದೆಯ ನೆತ್ತಿಗೆ ಗುಂಡಿ ತೋಡಿ ತುಪ್ಪ.

ಕ್ಯಾತಮ್ಮ ಕುಟ್ಟಿ ಕುಟ್ಟಿ ರಟ್ಟೆ ನೋಯಿಸಿಕೊಂಡು ಕೇಳಿದಳು. "ಅಲ್ಲ ಕಣಯ್ಯ, ಮಗೀನ ಪೊಲೀಸ್ಗೆ ಕಳಿಸ್ತೀಯೋ, ಕುರಿ ಸಂತೆಗೋ?"

"ನೀನು ಕುಟ್ಟು. ತೂಕದ ವಿಚಾರ ನಂಗೆ ಬುಡು!"

ಒಂದು ವಾರವಾದ ಮೇಲೆ ತೂಗಿ ನೋಡುವ ಶುಭಮುಹೂರ್ತ ಬಂತು. ರೊಪ್ಪದ ತೊಲೆಗೆ ನೇತುಹಾಕಿದ್ದ ಕರೆಂಟಿನ ತಕ್ಕಡಿ ಕ್ಯಾತಣ್ಣನ ಹೆಮ್ಮೆ. ಮೂರು ವರ್ಷದ ಹಿಂದೆ ಇವನ ಟಗರು ಕೊಳ್ಳುವ ವ್ಯಾಪಾರಿ ಮೂಡಲಗಿರಿಯಪ್ಪ ತಾನಾಗಿಯೇ ತಂದು ಕಟ್ಟಿಹೋಗಿದ್ದ. "ಇನ್ಮೇಲೆ ನಿಮ್ಮ ಮನ್ಯಾಗೇ ತೂಗಾನ ಕ್ಯಾತಣ್ಣ, ನಂಬ್ಕೆ ಮುಖ್ಯ," ಎಂದಿದ್ದ. ಅಂಥ ಸಜ್ಜನ! ಗೋಣಿಚೀಲದ ನಾಲ್ಕು ಮೂಲೆಗೆ ಹಗ್ಗ ಕಟ್ಟಿ ಉಯ್ಯಾಲೆ ಮಾಡಿ, ಅದರಲ್ಲಿ ಮಗಳನ್ನು ಕೂರಿಸಿದ. ಅಕ್ಕಪಕ್ಕದ ಟಗರುಗಳು ತಮ್ಮ ಸರದಿ ಎಂದುಕೊಂಡು ಎದ್ದು ನಿಂತವು.

ಕೆಂಪು ಅಂಕಿ ಮಿಣಮಿಣ ಎಂದು ಒಂದು ಕಡೆ ನಿಂತಿತು. ಮೂವತ್ತೇಳು.

ಕ್ಯಾತಣ್ಣ ಹಣೆ ಹಣೆ ಬಡಿದುಕೊಂಡ. "ಅಯ್ಯಯ್ಯೋ! ಕಾಲೇಜ್ನಾಗೆ ನಲವತ್ತೊಂದಿತ್ತು, ಒಂದ್ ವಾರಕ್ಕೆ ನಾಕು ಕೆ.ಜಿ. ಕರಗೋಗವ್ಳೆ! ತಿನ್ನಿಸಿದಷ್ಟೂ ಇಳೀತಾವ್ಳಲ್ಲೇ!"

"ಅಪ್ಪ, ನಿನ್ನ ತಕ್ಕಡಿ ಕೆಟ್ಟಿದೆ," ಎಂದಳು ಲಾವಣ್ಯ ಚೀಲದೊಳಗಿಂದ.

"ಬಾಯ್ ಮುಚ್ಚು! ಇದ್ರ ಮ್ಯಾಲೆ ಎಷ್ಟು ಟಗರು ಮಾರಿವ್ನಿ ಗೊತ್ತಾ? ಒಂದಿನ ತಪ್ಪು ಹೇಳಿಲ್ಲ. ನಿಮ್ ಕಾಲೇಜ್ ಮಿಷಿನ್ನೇ ಹುಡುಗ್ರು ಕುಣಿದು ಕುಣಿದು ಕೆಟ್ಟಿರ್ತದೆ."

ಅಂದಿನಿಂದ ಉಂಡೆ ನಿಂಬೆಹಣ್ಣಿನಿಂದ ಕಿತ್ತಳೆಗೆ ಬಡ್ತಿ ಪಡೆಯಿತು. ಕ್ಯಾತಮ್ಮ ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ಹೊತ್ತಳು. ಮಗಳು ಉಂಡೆಯನ್ನು ಗೆಳತಿಯರಿಗೆ ಹಂಚುತ್ತಿದ್ದಾಳೆಂಬ ಅನುಮಾನ ಹುಟ್ಟಿ, ಕ್ಯಾತಣ್ಣ ಒಂದು ದಿನ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಕಂಬಳಿ ಹೆಗಲಿಗೇರಿಸಿ, ಉಂಡೆಯ ಡಬ್ಬಿ ಹಿಡಿದು, ಶಿರಾ ಕಾಲೇಜಿಗೇ ಬಂದುಬಿಟ್ಟ. ಹನ್ನೊಂದು ಹೊಡೆಯಿತು. ಕ್ಲಾಸು ನಡೆಯುತ್ತಲೇ ಇತ್ತು. ಮೇವಿನ ಹೊತ್ತು ಮೀರಿದರೆ ಅವನಿಗೆ ತಡೆಯಲಾಗದು.

"ಲೇ ಲಾವಣ್ಯಾ! ಹನ್ನೊಂದು ಗಂಟೆ ಉಂಡೆ ತಿಂದೇನವ್ವಾ?" ಎಂದು ಕಿಟಕಿಯಿಂದ ಕೂಗಿದ. ಕೂಗಿದ್ದು ಗುಡ್ಡದ ಆ ಬದಿಯ ಕುರಿಗೆ ಕೇಳಿಸುವ ದನಿಯಲ್ಲಿ! ಇಡೀ ಕ್ಲಾಸು ಗೊಳ್ಳೆಂದಿತು. ಲಾವಣ್ಯ ಡೆಸ್ಕಿನ ಕೆಳಗೆ ಹೋದಳು.

ಪಾಠ ಮಾಡುತ್ತಿದ್ದ ಮರುಳಸಿದ್ದಯ್ಯ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಯಾರಪ್ಪ ನೀವು?" ಎಂದರು.

"ಇವ್ಳ ಅಪ್ಪ ಸಾ. ಮೇವು ತಿಂದ್ಲಾ ಅಂತ ನೋಡೋಕ್ ಬಂದೆ."

ಮೇಷ್ಟ್ರು ಪೂರ್ತಿ ವಿಷಯ ಕೇಳಿ, ಒಂದು ಉಂಡೆ ರುಚಿ ನೋಡಿ, ಇನ್ನೊಂದಕ್ಕೆ ಕೈ ಚಾಚಿದರು. ಕ್ಯಾತಣ್ಣ ಡಬ್ಬಿಯನ್ನು ಎದೆಗವಚಿಕೊಂಡ. "ತಪ್ಪು ತಿಳ್ಕೋಬ್ಯಾಡಿ ಸಾ. ನಿಮ್ಗೆ ತೂಕ ಐತೆ!"

ಆ ದಿನದಿಂದ ಲಾವಣ್ಯ ಉಂಡೆಗಳನ್ನು ತಪ್ಪದೆ ತಿಂದಳು. ಅಪ್ಪ ಮತ್ತೆ ಕಾಲೇಜಿಗೆ ಬರದಿದ್ದರೆ ಕಲ್ಲನ್ನಾದರೂ ತಿನ್ನುತ್ತೇನೆ ಎಂದು ಅವ್ವನ ಬಳಿ ಹೇಳಿದಳಂತೆ. ಕೆನ್ನೆ ತುಂಬಿತು, ರವಿಕೆ ಬಿಗಿಯಾಯಿತು. ಆದರೂ ಒಂದೂವರೆ ತಿಂಗಳಾಗುವಾಗ ಮನೆಯ ತಕ್ಕಡಿ ತೋರಿಸಿದ್ದು ನಲವತ್ತನ್ನೇ.

ಲಾವಣ್ಯ ಶಿರಾ ಪೇಟೆಯ ಅಂಗಡಿಯೊಂದರ ಮುಂದೆ ನಾಣ್ಯ ಹಾಕುವ ಮಿಷಿನ್ನಿನ ಮೇಲೆ ನಿಂತು ಬಂದಳು. "ಅಪ್ಪ, ಅದರಲ್ಲಿ ನಲವತ್ನಾಲ್ಕೂವರೆ!"

"ಹುಚ್ಚಿ! ಅದು ದುಡ್ಡು ಹಾಕ್ದೋರಿಗೆ ಖುಷಿಯಾಗ್ಲಿ ಅಂತ ಹೇಳೋ ಮಾತು. ನಮ್ ತಕ್ಕಡಿ ಬಿಟ್ಟಿ ಬಂದಿರೋದು, ಅದ್ಯಾಕೆ ಸುಳ್ಳೇಳ್ತದೆ?"

ಈ ಚಿಂತೆಯಲ್ಲಿ ಕ್ಯಾತಣ್ಣನಿಗೇ ಮುದ್ದೆ ಗಂಟಲಲ್ಲಿ ಇಳಿಯದಾಯಿತು. ಅಂಗಿ ಜೋಲಾಡತೊಡಗಿತು. "ಮಗ್ಳು ಏರ್ತಾವ್ಳೋ ಇಲ್ವೋ, ನೀನಂತೂ ಇಳೀತಿದ್ದೀಯ," ಎಂದಳು ಕ್ಯಾತಮ್ಮ. ಅವನಿಗೆ ಅದು ಕೇಳಿಸಲೇ ಇಲ್ಲ. ಪೊಲೀಸ್ ಬಟ್ಟೆ ಹಾಕಬೇಕೆಂದು ಏಳನೇ ಕ್ಲಾಸಿನಿಂದ ಹೇಳಿಕೊಂಡು ಬಂದ ಹುಡುಗಿ. ಅವಳು ಅಳುತ್ತಾ ಮನೆಗೆ ಬರುವುದನ್ನು ನೆನೆದಾಗಲೆಲ್ಲ ಎದ್ದು ಹೋಗಿ ಡಬ್ಬಿಗೆ ಇನ್ನೊಂದು ಉಂಡೆ ಹಾಕುತ್ತಿದ್ದ.

ಪರೀಕ್ಷೆಯ ದಿನ ಬೆಳಗ್ಗೆ ಕೊನೆಯ ತೂಕ. ನಲವತ್ತೆರಡು. ಇನ್ನೂ ಮೂರು ಕೆ.ಜಿ. ಬೇಕು, ಉಳಿದಿರುವುದು ನಾಲ್ಕು ಗಂಟೆ!

ಆಪತ್ತಿಗೆ ಅವನ ಬಳಿ ಒಂದು ಬ್ರಹ್ಮಾಸ್ತ್ರವಿತ್ತು. ಸಂತೆಗೆ ಹೊಡೆದುಕೊಂಡು ಹೋಗುವ ಮುಂಚೆ ಕುರಿಗೆ ಉಪ್ಪು ನೆಕ್ಕಿಸಿ, ಬಾಯಾರಿಸಿ, ಹೊಟ್ಟೆ ತುಂಬಾ ನೀರು ಕುಡಿಸುವುದು. ಅದು ಮೋಸವಲ್ಲ, ಉಪಚಾರ ಎಂದು ಅವನ ವಾದ. ಮೂವರೂ ಹತ್ತಿದ ತುಮಕೂರಿನ ಬಸ್ಸಿನಲ್ಲಿ ಉಪಚಾರ ಆರಂಭವಾಯಿತು. ಉಪ್ಪು ಹಚ್ಚಿ ಹುರಿದ ಹುರುಳಿ, ಮೇಲೆ ಮಜ್ಜಿಗೆ, ಎರಡು ಬಾಟಲಿ ನೀರು, ನಾಲ್ಕು ಬಾಳೆಹಣ್ಣು, ಕಿತ್ತಳೆ ಗಾತ್ರದ ಐದು ಉಂಡೆ. ಲಾವಣ್ಯ ಮಾತಾಡಲು ಬಾಯಿ ತೆರೆದಾಗಲೆಲ್ಲ ಒಂದು ಉಂಡೆ ಒಳಗೆ ಹೋಯಿತು. ಮೈದಾನದ ಗೇಟಿನ ಹತ್ತಿರ ಕೊನೆಗೂ ನುಂಗಿ ಮುಗಿಸಿ ಅವಳು ಹೇಳಿದಳು. "ಅಪ್ಪ, ಮೊದಲು ಓಟ. ತೂಕ ಆಮೇಲೆ."

ಕ್ಯಾತಣ್ಣನ ಕಾಲಡಿಯ ನೆಲವೇ ಕುಸಿಯಿತು. "ಮೊದ್ಲೇ ಹೇಳೋದಲ್ವೇನವ್ವಾ!"

"ಹೇಳೋಕೆ ಬಾಯಿ ಎಲ್ಲಿ ಬಿಟ್ಟೆ?"

ಬೇಲಿಯ ಹೊರಗೆ ಗಂಡಹೆಂಡತಿ ಕಂಬಿ ಹಿಡಿದು ನಿಂತರು. ಒಳಗೆ ಸೀಟಿ ಊದಿತು. ದಿನಾ ಕೆರೆ ಏರಿಯ ಮೇಲೆ ಜಿಂಕೆಯಂತೆ ಹಾರುತ್ತಿದ್ದ ಹುಡುಗಿ ಇವತ್ತು ತುಂಬಿದ ಕೊಡ ಹೊತ್ತವಳಂತೆ ಓಡುತ್ತಿದ್ದಳು. ಒಬ್ಬೊಬ್ಬರೇ ಅವಳನ್ನು ದಾಟಿಹೋದರು. ಅರ್ಧ ದಾರಿಯಲ್ಲಿ ಪಕ್ಕೆ ಹಿಡಿದುಕೊಂಡಳು.

"ನಾನೇ ಕೆಡಿಸಿಬುಟ್ಟೆ ಕಣೇ," ಎಂದ ಕ್ಯಾತಣ್ಣ. "ಸುಮ್ನೆ ಬುಟ್ಟಿದ್ರೆ ಓಟನಾದ್ರೂ ಗೆಲ್ತಿದ್ಲು."

ಕ್ಯಾತಮ್ಮ ಕಣ್ಣು ಮುಚ್ಚಿ ಗೊರವನಹಳ್ಳಿಯ ದಿಕ್ಕಿಗೆ ಕೈ ಮುಗಿದಳು. ಲಾವಣ್ಯ ಹಲ್ಲು ಕಚ್ಚಿ, ಕೊನೆಯ ತಿರುವಿನಲ್ಲಿ ಅದೆಲ್ಲಿಂದಲೋ ಜೀವ ತಂದುಕೊಂಡು ನುಗ್ಗಿ, ಸಮಯ ಮುಗಿಯಲು ಮೂರು ಸೆಕೆಂಡ್ ಇರುವಾಗ ಗೆರೆ ದಾಟಿದಳು. ದಾಟಿದವಳೇ ಬೇಲಿಯ ಪಕ್ಕಕ್ಕೆ ಬಂದು ಬಗ್ಗಿ, ಹುರುಳಿ, ಮಜ್ಜಿಗೆ, ಬಾಳೆಹಣ್ಣು, ಉಂಡೆ ಎಲ್ಲವನ್ನೂ ಭೂತಾಯಿಗೆ ಒಪ್ಪಿಸಿದಳು!

"ಅಯ್ಯೋ, ಹೋಯ್ತಲ್ಲೇ! ಎಲ್ಡು ಕೆ.ಜಿ. ಹೋಯ್ತು!"

"ಮಗಿ ಹೆಂಗವ್ಳೆ ಅಂತ ನೋಡೋದ್ ಬುಟ್ಟು ಕೆ.ಜಿ. ಎಣಿಸ್ತಾನಲ್ಲಪ್ಪ ಇವ್ನು!" ಎಂದು ಕ್ಯಾತಮ್ಮ ಬೇಲಿಯ ಸಂದಿನಿಂದ ನೀರಿನ ಬಾಟಲಿ ಕೊಟ್ಟಳು. ಲಾವಣ್ಯ ಬಾಯಿ ಮುಕ್ಕಳಿಸಿ ಉಗಿದಳೇ ಹೊರತು ಒಂದು ಗುಟುಕು ನುಂಗಲಿಲ್ಲ. ಅದನ್ನು ಕಂಡು ಕ್ಯಾತಣ್ಣ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಹೊಟ್ಟೆ ಖಾಲಿ, ತೂಕ ನಲವತ್ತೆರಡಕ್ಕಿಂತಲೂ ಕೆಳಗೆ. ಮುಗಿದೇ ಹೋಯಿತು.

ಒಂದು ಗಂಟೆಯ ಮೇಲೆ ಅವಳು ಹೊರಗೆ ಬಂದಳು. ಮುಖ ಬಿಳಿಚಿತ್ತು. ಕ್ಯಾತಣ್ಣ ನೆಲ ನೋಡುತ್ತಲೇ ಹೇಳಿದ. "ಬುಡವ್ವ, ಮುಂದಿನ ಸಲ ನೋಡಾನ. ತಪ್ಪು ನಂದು."

"ನಲವತ್ತಾರು ಅಪ್ಪ. ಪಾಸು!"

ಕ್ಯಾತಣ್ಣ ಕಂಬಳಿಯಿಂದ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ನಕ್ಕ. ಆಮೇಲೆ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಪೊಲೀಸರಿಗೆ ಉಳಿದಿದ್ದ ಉಂಡೆ ಹಂಚಿದ. ಇದೆಲ್ಲ ಮುಗಿದು ವಾಪಸ್ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗಲೇ ಒಂದು ಪ್ರಶ್ನೆ ಮೆಲ್ಲಗೆ ತಲೆಯೆತ್ತಿತು. "ಅಲ್ಲ ಕಣವ್ವ, ಬೆಳಗ್ಗೆ ಮನ್ಯಾಗೆ ನಲವತ್ತೆಲ್ಡೇ ಇತ್ತಲ್ಲ?"

ಲಾವಣ್ಯ ಆಗಲೇ ಮೊಬೈಲಿನಲ್ಲಿ ಗುಣಿಸಿ ಭಾಗಿಸಿ ಮುಗಿಸಿದ್ದಳು. "ಮೊದಲನೇ ದಿನ ನಾಲ್ಕು ಕಮ್ಮಿ, ಇವತ್ತೂ ನಾಲ್ಕು ಕಮ್ಮಿ. ನಿನ್ನ ಮೂಡಲಗಿರಿಯಪ್ಪ ಕೊಟ್ಟ ಮಿಷಿನ್ನು ಹತ್ತು ಕೆ.ಜಿ.ಗೆ ಸುಮಾರು ಒಂದು ಕೆ.ಜಿ. ನುಂಗುತ್ತೆ ಅಪ್ಪ. ಟಗರು ತೂಗಿದ್ದೂ ಅದರಲ್ಲೇ ತಾನೇ?"

ಮೂರು ವರ್ಷದ ಟಗರುಗಳೆಲ್ಲ ಸಾಲಾಗಿ ಕ್ಯಾತಣ್ಣನ ಕಣ್ಣ ಮುಂದೆ ನಡೆದುಹೋದವು. ಮೈ ಸವರಿ ನಲವತ್ತು ಎಂದುಕೊಂಡರೆ ಮಿಷಿನ್ನು ಮೂವತ್ತಾರು ಎನ್ನುತ್ತಿತ್ತು. ವಯಸ್ಸಾಯಿತು, ಕೈಗೆ ಮೊದಲಿನ ಚುರುಕಿಲ್ಲ ಎಂದು ಕೊರಗಿ, ಯಾರಿಗೂ ಹೇಳದೆ ಆ ಕೈಗೆ ಎಷ್ಟು ಎಣ್ಣೆ ತಿಕ್ಕಿಕೊಂಡಿದ್ದ!

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಾಗೆ ಬಿತ್ತಂತೆ," ಎಂದು ಕ್ಯಾತಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಲಾವಣ್ಯ ಮಾತ್ರ ನಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಆಗಲೇ ಸ್ಟೇಷನ್ನಿನಲ್ಲಿ ಕೂತವಳ ಗತ್ತಿನಲ್ಲಿ ಹೇಳಿದಳು. "ಚಿಂತೆ ಮಾಡಬೇಡ ಅಪ್ಪ. ನಾನು ಡ್ಯೂಟಿಗೆ ಸೇರಿದ ದಿನ ಮೊದಲನೇ ಕಂಪ್ಲೇಂಟು ನಿಂದೇ ಬರ್ಕೋತೀನಿ."

ಕ್ಯಾತಣ್ಣ ಗಾಬರಿಯಿಂದ ಹಿಂದೆ ಮುಂದೆ ನೋಡಿ, ಬಸ್ಸಿನಲ್ಲಿ ಗುರುತಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮಗಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ.

"ಬರ್ಕೋ ಕಣವ್ವ, ಬ್ಯಾಡ ಅನ್ನಲ್ಲ. ಆದ್ರೆ ನಿಮ್ಮವ್ವನ ಹೆಸ್ರಾಗೆ ಬರ್ಕೋ. ತೂಕದಾಗೆ ನಂಗೆ ಮೂರು ತಾಲ್ಲೂಕಲ್ಲಿ ಹೆಸ್ರೈತೆ!"