ಮಾಮನ ಬೆರಳು, ನನ್ನ ಕುತ್ತಿಗೆ

ಆಪರೇಷನ್ ಮುಗಿದು ಎಚ್ಚರವಾದಾಗ ಮನುಷ್ಯ ಮೊದಲು ಏನು ಮಾತಾಡುತ್ತಾನೆ? ನೀರು ಕೇಳುತ್ತಾನೆ, ಹೆಂಡತಿ ಎಲ್ಲಿ ಎನ್ನುತ್ತಾನೆ, ದೇವರನ್ನು ನಂಬಿದವನಾದರೆ ಅವನ ಹೆಸರು ಹೇಳುತ್ತಾನೆ ಎಂದೆಲ್ಲ ನಾನು ತಿಳಿದಿದ್ದೆ. ನಾನು ಮಾತ್ರ ಕಣ್ಣು ಬಿಟ್ಟವನೇ "ತಪ್ಪು ನಂದಲ್ಲ" ಎಂದೆನಂತೆ. ‘ಅಂತೆ’ ಯಾಕೆಂದರೆ ಇದನ್ನು ಹೇಳಿದವಳು ನನ್ನ ಹೆಂಡತಿ ಗಿರಿಜಾ, ನನಗೆ ನೆನಪಿಲ್ಲ. ಪಕ್ಕದ ಮಂಚದಲ್ಲಿ ಬಲಗೈಗೆ ಕಟ್ಟು ಹಾಕಿಸಿಕೊಂಡು ಅರೆನಿದ್ದೆಯಲ್ಲಿದ್ದ ಆಕೆಯ ತಂದೆ, ಆ ಸ್ಥಿತಿಯಲ್ಲೂ "ಮತ್ತೇನು ನಂದಾ?" ಎಂದರಂತೆ. ಹೀಗೆ ನಮ್ಮ ವ್ಯಾಜ್ಯ ಇಬ್ಬರಿಗೂ ಪೂರ್ತಿ ಪ್ರಜ್ಞೆ ಬರುವ ಮೊದಲೇ ಶುರುವಾಗಿತ್ತು.

ನಾನು ಆಂಧ್ರದ ಗಡಿಯೊಳಗಿನ ಆದವಾನಿಯ ಒಂದು ಡಿಗ್ರಿ ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ವಿಶ್ವವಿದ್ಯಾಲಯದಲ್ಲಿದ್ದಾಗ, ಮನುಷ್ಯ ತನ್ನ ನೆನಪನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಬಗ್ಗೆ ಒಂದು ದಪ್ಪ ಪ್ರಬಂಧ ಬರೆದಿದ್ದೆ. ನಂಬಬಾರದು ಎಂಬುದು ಅದರ ಸಾರಾಂಶ. ಅದನ್ನು ಎಲ್ಲರೂ ಬಹಳ ಮೆಚ್ಚಿದರು ಎಂದು ನನಗೆ ನೆನಪು. ಇಂಥವನ ತೊಡೆಯ ಮೂಳೆ ಮುರಿದು, ಒಳಗೆ ಕಬ್ಬಿಣದ ಸಲಾಕೆ ಕೂಡಿಸಿ, ತಿಂಗಳುಗಟ್ಟಲೆ ಅಲುಗಾಡಬೇಡ ಎಂದರೆ ಏನಾಗಬೇಕು? ಪಾಠ ಮಾಡುವಾಗಲೂ ಒಂದು ಕಡೆ ನಿಲ್ಲದೆ ಗೋಡೆಯಿಂದ ಗೋಡೆಗೆ ಓಡಾಡುವ ಮನುಷ್ಯ ನಾನು. ಕಾಲು ನಿಂತಿತು; ಓಡಾಟವೆಲ್ಲ ತಲೆಗೆ ಏರಿತು.

ಈಗ ಮಾಮನ ವಿಚಾರ ಹೇಳಬೇಕು. ಚನ್ನಬಸಪ್ಪನವರು ನಮ್ಮ ತಾಯಿಯ ತಮ್ಮ, ನನ್ನ ಹೆಂಡತಿಯ ತಂದೆ. ಹಾಗಾಗಿ ನಾನು ಎರಡು ಕಡೆಯಿಂದ ಅವರ ಅಳಿಯ, ಎರಡು ಪಟ್ಟು ಬೈಸಿಕೊಳ್ಳುವ ಹಕ್ಕುದಾರ. ಅವರದು ಹತ್ತಿಯ ದಲ್ಲಾಳಿ ಕೆಲಸ. ಒಂದು ಚಿಟಿಕೆ ಹತ್ತಿಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದು, ಎಳೆಯ ಉದ್ದ ನೋಡಿ ಅವರು ಒಂದು ಮಾತು ಹೇಳಿದರೆ, ಮಾರುವವನೂ ಕೊಳ್ಳುವವನೂ ಒಟ್ಟಿಗೆ ಒಪ್ಪುತ್ತಾರೆ. ನಮ್ಮೂರಿನಲ್ಲಿ ಹತ್ತಿಯ ಕಸುಬಿನವರಿಗೆಲ್ಲ ಈ ಚಾಳಿ ಉಂಟು: ಎದುರಿಗೆ ಹತ್ತಿ ಕಂಡರೆ ಕೈ ತಾನಾಗಿ ಹೋಗುತ್ತದೆ, ಒಂದು ಚಿಟಿಕೆ ಕಿತ್ತೇ ತೀರುತ್ತದೆ. ಹತ್ತಿ ಯಾರದು, ಮಾರಾಟಕ್ಕಿದೆಯೇ ಎಂಬ ಪ್ರಶ್ನೆಯೇ ಇಲ್ಲ. ಬೀಗರ ಮನೆಯಲ್ಲಿ ಮಲಗಲು ಕೊಟ್ಟ ದಿಂಬಿನ ಹೊಲಿಗೆ ಬಿಚ್ಚಿ ಎಳೆ ನೋಡಿದ ಖ್ಯಾತಿ ಮಾಮನದು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡಲು ಬಂದ ನರ್ಸಮ್ಮನ ಕೈಯಲ್ಲಿದ್ದ ಹತ್ತಿಯನ್ನು ಕಂಡು, "ಇದು ಗಿಡ್ಡ ಎಳಿ ಐತಮ್ಮಾ, ನಿಮಗ ಮೋಸ ಮಾಡ್ಯಾರ" ಎಂದು ಎಚ್ಚರಿಸಿದ್ದನ್ನು ಮಾತ್ರ ನಾನೇ ಕಿವಿಯಾರೆ ಕೇಳಿದ್ದೇನೆ.

ಅಪಘಾತದಲ್ಲಿ ಯಾರೂ ತಕರಾರು ಎತ್ತದ ಭಾಗ ಇಷ್ಟು. ಹಾಲಹರವಿಯಲ್ಲಿ ನೆಂಟರ ಮನೆಯ ನಿಶ್ಚಿತಾರ್ಥದ ಊಟ ಮುಗಿಸಿ ನಾವಿಬ್ಬರೂ ನನ್ನ ಸ್ಕೂಟರಿನಲ್ಲಿ ಆದವಾನಿಗೆ ಮರಳುತ್ತಿದ್ದೆವು. ಓಡಿಸುತ್ತಿದ್ದವನು ನಾನು, ಹಿಂದೆ ಕೂತವರು ಮಾಮ. ಹೊಸ ಹತ್ತಿ ಬರತೊಡಗಿದ ಕಾಲ. ಮುಂದೆ ಒಂದು ಟ್ರ್ಯಾಕ್ಟರು, ಅದರ ಟ್ರೇಲರಿನ ತುಂಬ ಹತ್ತಿ, ಮೇಲೆ ಬಿಗಿದ ಬಲೆ ಹರಿದು ಪಕ್ಕದಿಂದ ಉಬ್ಬಿ ಹೊರಗೆ ಇಣುಕುವ ಹತ್ತಿ. ನಾನು ಅದನ್ನು ಬಲಗಡೆಯಿಂದ ದಾಟಲು ಹೋದೆ. ಮಾಮ ಎಡಗೈ ಚಾಚಿ ಒಂದು ಚಿಟಿಕೆ ಕಿತ್ತರು. ಕಿತ್ತದ್ದನ್ನು ಎಳೆದು ನೋಡಲು ಎರಡು ಕೈ ಬೇಕಲ್ಲ, ನನ್ನ ಹೆಗಲು ಹಿಡಿದಿದ್ದ ಬಲಗೈಯನ್ನೂ ಬಿಟ್ಟರು. ಸ್ಕೂಟರು ಓಲಾಡಿ ಬಲ ಅಂಚಿನ ಜಲ್ಲಿಯ ಮೇಲೆ ಏರಿ ಉರುಳಿತು. ನನ್ನ ಕಾಲು ಅದರ ಕೆಳಗೆ, ಮಾಮನ ಬಲಗೈ ಅವರ ಮೈಯ ಕೆಳಗೆ. ಹೆಲ್ಮೆಟ್ ಇದ್ದದ್ದರಿಂದ ನನ್ನ ತಲೆ ಉಳಿಯಿತು. ತಲೆಯೊಳಗಿನದು ಉಳಿಯಿತೇ ಎಂಬುದೇ ಮುಂದಿನ ಕಥೆ.

ಓಲಾಡಿದ್ದು ಯಾಕೆ? ಮಾಮ ಎರಡೂ ಕೈ ಬಿಟ್ಟು ಎಡಕ್ಕೆ ವಾಲಿದ್ದರಿಂದ ಎಂದು ನನ್ನ ವಾದ. ಓಡಿಸುವವನು ಕುತ್ತಿಗೆ ತಿರುಗಿಸಿ ಹಿಂದೆ ನೋಡಿದ್ದರಿಂದ ಎಂದು ಮಾಮನ ವಾದ. ನಾನು ತಿರುಗಿ ನೋಡಿಲ್ಲ ಎಂದು ನಾನು. ತಾನು ವಾಲಿಲ್ಲ ಎಂದು ಅವರು.

ನೋಡಿದ ಮೂರನೆಯವರು ಯಾರೂ ಇರಲಿಲ್ಲ. ಟ್ರ್ಯಾಕ್ಟರಿನವನು ಸದ್ದು ಕೇಳಿ ನಿಲ್ಲಿಸಿ, ದಾರಿಹೋಕರನ್ನು ಸೇರಿಸಿ, ನಮ್ಮಿಬ್ಬರನ್ನೂ ಆ ಹತ್ತಿಯ ಮೇಲೆಯೇ ಮಲಗಿಸಿ ಆಸ್ಪತ್ರೆಗೆ ತಂದ ಪುಣ್ಯಾತ್ಮ. ದಾರಿಯುದ್ದಕ್ಕೂ ನಾನು ನರಳುತ್ತಿದ್ದೆನಂತೆ. ಮಾಮ ಮಾತ್ರ ಮುರಿದ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು ಆಕಾಶ ನೋಡುತ್ತ, "ತಮ್ಮಾ, ಮಾಲು ಚಲೋ ಐತಿ, ಆದ್ರ ಜರಾ ಹಸಿ ಐತಿ. ಎಲ್ಡು ದಿನ ಬಿಸಿಲಿಗೆ ಹಾಕಿ ತರಬೇಕಿತ್ತು" ಎಂದು ಅವನಿಗೆ ಕೂಗಿ ಹೇಳಿದರಂತೆ. ಅವನು ನಮ್ಮನ್ನು ನೋಡಲು ಬಂದಾಗ ಸಾಕ್ಷಿ ಸಿಕ್ಕಿತೆಂದು ನಾನು ಹಿಗ್ಗಿ, ಯಾರು ಏನು ಮಾಡಿದರು ನೋಡಿದೆಯೇನಪ್ಪಾ ಎಂದು ಕೇಳಿದೆ. "ನಾ ಮುಂದ ನೋಡಿ ಗಾಡಿ ಓಡಸ್ತೀನ್ರಿ ಸಾರು. ನೀವೂ ಹಂಗ ಓಡಿಸಿದ್ರ ಇಷ್ಟೆಲ್ಲ ಆಗ್ತಿರಲಿಲ್ಲ" ಎಂದ. ಮಾಮ ನಕ್ಕ ನಗೆಗೆ ಅವರ ಕೈಯ ಕಟ್ಟು ಅದುರಿತು.

ಇಬ್ಬರನ್ನೂ ನೋಡಿಕೊಳ್ಳಲು ಅನುಕೂಲವೆಂದು ಗಿರಿಜಾ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಮಂಚ ಹಾಕಿಸಿದಳು. ಮಾತಾಡಿಸಿ ಹೋಗಲು ಊರೆಲ್ಲ ಬಂತು. ಬಂದವರು ಮೋಸಂಬಿಯನ್ನೋ ಬ್ರೆಡ್ಡನ್ನೋ ಕಿಟಕಿಯಲ್ಲಿಟ್ಟು, ಎರಡು ಮಂಚಗಳ ನಡುವಿನ ಕುರ್ಚಿಯಲ್ಲಿ ಕೂತು, "ಹೆಂಗಾತ್ರೀ ಇದು?" ಎನ್ನುವರು. ನಾನು ಕಾರಣ, ಪರಿಣಾಮ, ಭಾರ, ಸಮತೋಲ ಎಂದು ಶುರು ಮಾಡುವಷ್ಟರಲ್ಲಿ ಅವರ ಕುರ್ಚಿ ಮಾಮನ ಕಡೆ ತಿರುಗಿರುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಮಾಮನ ಕಥೆಯೇ ಹೆಚ್ಚು ಹಿಡಿಸುತ್ತಿತ್ತು. ಎಂಥ ಬಿಗಿ, ಎಂಥ ಏರಿಳಿತ! ಮಾರುಕಟ್ಟೆಯ ತೆಲುಗಿನವರು ಬಂದರೆ ಅದೇ ಕಥೆ ತೆಲುಗಿನಲ್ಲಿ. ಕನ್ನಡದಲ್ಲಿ ಒಮ್ಮೆ ತಿರುಗಿ ನೋಡುವ ನಾನು ತೆಲುಗಿನಲ್ಲಿ ಎರಡು ಸಲ ತಿರುಗಿ ನೋಡುತ್ತಿದ್ದೆ. "ಮಾಮಾ, ಕನ್ನಡದಾಗ ಒಮ್ಮೆ ಅಂದ್ರಿ?" ಎಂದು ಆಕ್ಷೇಪಿಸಿದರೆ, "ಕನ್ನಡದೋರು ಮನಿ ಮಂದಿ, ನಿನ್ನ ಮರ್ಯಾದಿ ನೋಡಿ ಒಂದು ಬಿಟ್ಟೀನಿ" ಎಂದರು. ಇಂಥವರ ಜೊತೆ ವಾದ ಹೇಗೆ? ಅವರಿಗೆ ಅನುಮಾನ ಎಂಬುದೇ ಗೊತ್ತಿಲ್ಲ. ನನಗೆ ಅದು ಬಿಟ್ಟು ಬೇರೇನೂ ಗೊತ್ತಿಲ್ಲ. ಟ್ರೇಲರಿನ ಬಣ್ಣ ಮೊದಲ ವಾರ ನನ್ನ ನೆನಪಿನಲ್ಲಿ ಹಸಿರಿತ್ತು, ಬರಬರುತ್ತ ನೀಲಿಯಾಯಿತು. ಯಾರೋ ಕೆಂಪು ಎಂದರು. ಆ ರಾತ್ರಿಯಿಂದ ಕೆಂಪು.

ಒಂದು ಚಿತ್ರ ಮಾತ್ರ ಕದಲಿರಲಿಲ್ಲ. ನನ್ನ ಕಡೆಯ ಅಸ್ತ್ರವಾಗಿ ಬಂದವರಿಗೆಲ್ಲ ಅದನ್ನು ಬಣ್ಣಿಸುತ್ತಿದ್ದೆ: ಎರಡು ಹೆಬ್ಬೆರಳುಗಳ ನಡುವೆ ಹತ್ತಿ ಹಿಡಿದು, ಕಣ್ಣು ಕಿರಿದು ಮಾಡಿ, ಬಿಸಿಲಿಗೆ ಎತ್ತಿ ನೋಡುತ್ತಿರುವ ಮಾಮನ ಮುಖ. ಆ ತನ್ಮಯತೆ, ಆ ಅರೆನಗೆ! ಹೊಸ ನಕ್ಷತ್ರವೊಂದನ್ನು ಕಂಡುಹಿಡಿದವನ ಮುಖದಂಥ ಮುಖ. ಮೈಮರೆತು ವಾಲಿದ್ದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಒಂದು ದಿನ ಮಾಮ ಸ್ನಾನಕ್ಕೆ ಹೋಗಿದ್ದಾಗ ಗಿರಿಜಾ ನನ್ನ ಕಾಲ ಕೆಳಗಿನ ದಿಂಬು ಸರಿಮಾಡುತ್ತ, "ಏನ್ರಿ, ಅಪ್ಪನ ಮುಖ ಬಾಳ ಚಂದ ಹೇಳ್ತೀರಿ ನೀವು" ಎಂದಳು.

"ಹೌದಲ್ಲ. ಕಣ್ಣಿಗೆ ಕಟ್ಟಿದಂಗ ಐತಿ."

"ಮುಂದ ಕುಂತೋರು ನೀವು. ಹಿಂದ ಕುಂತಾತನ ಮುಖ ಎಲ್ಲಿಂದ ನೋಡಿದ್ರಿ?"

ನಾನು ಕನ್ನಡಿಯಲ್ಲಿ ಎಂದೆ. "ಸ್ಕೂಟರಿಗೆ ಕನ್ನಡಿ ಎಲ್ಲೈತಿ? ಹಾಕಸ್ರಿ ಹಾಕಸ್ರಿ ಅಂತ ಬಡಕೊಳ್ಳೋದ ಆತು ನಂದು" ಎಂದು ಹೇಳಿ ಮಜ್ಜಿಗೆ ತರಲು ಒಳಗೆ ಹೋದಳು. ತರ್ಕಶಾಸ್ತ್ರ ಕಲಿಸುವವನು ನಾನು! ಆ ಮುಖ ನಾನು ಅಂಗಡಿಯಲ್ಲಿ ಸಾವಿರ ಸಲ ನೋಡಿದ ಮುಖ, ಅದನ್ನೇ ತಂದು ನೆನಪು ಇಲ್ಲಿ ಅಂಟಿಸಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ, ಇಲ್ಲ, ತಿರುಗಿಯೇ ನೋಡಿದ್ದೇನೆ ಎಂದು ಕುತ್ತಿಗೆ ಬೆವೆತಿತು. ಅವಳು ಮಜ್ಜಿಗೆ ತಂದಾಗ "ಅಪ್ಪನ ಮುಂದ ಹೇಳಬ್ಯಾಡ" ಎಂದು ಬೇಡಿಕೊಂಡೆ. "ನಾ ಯಾಕ ಹೇಳ್ಲಿ? ಇಬ್ಬರ ಕೂಳು ಬೇಯಿಸೋದ ಸಾಕಾಗೈತಿ" ಎಂದಳು. ಅವಳು ಹೇಳಲಿಲ್ಲ. ಅವಳಿಗೆ ಮೊದಲ ದಿನದಿಂದ ಗೊತ್ತಿತ್ತೆಂದು ನನ್ನ ಅನುಮಾನ.

ಮಾಮನ ಕಟ್ಟು ಬಿಚ್ಚುವ ದಿನ ಬಂತು. ಅಷ್ಟು ದಿನವೂ ಅವರು ಬಂದವರಿಗೆಲ್ಲ, "ಕಟ್ಟು ಬಿಚ್ಚಿದ ದಿನ ಆಸ್ಪತ್ರಿಯಿಂದ ಸೀದಾ ಮಾರ್ಕೆಟ್ಟಿಗೆ ಬರ್ತೀನಿ" ಎನ್ನುತ್ತಿದ್ದರು. ಹತ್ತಿ ತುಂಬಿ ಬರುತ್ತಿದ್ದ ದಿನಗಳು. ಅವರ ಮಾತಿಗೆಂದು ಜನ ಮಾದರಿಗಳನ್ನು ಕಾಗದದಲ್ಲಿ ಕಟ್ಟಿ ತಂದು ಮಂಚದ ಪಕ್ಕ ಇಟ್ಟು ಹೋಗುತ್ತಿದ್ದರು. ಆದರೆ ಅಂದು ಅವರು ಆಟೋದಲ್ಲಿ ಸೀದಾ ಮನೆಗೆ ಬಂದರು. ಕಟ್ಟು ಬಿಚ್ಚಿದ ಕೈ ಬೇರೆ ಯಾರದೋ ಎಂಬಂತೆ ತೆಳ್ಳಗೆ, ಬಿಳಿಚಿಕೊಂಡಿತ್ತು. ನಾಲ್ಕು ಬೆರಳು ಮಡಚುತ್ತಿದ್ದವು. ಹೆಬ್ಬೆರಳು ಮಡಚುತ್ತಿರಲಿಲ್ಲ. ವ್ಯಾಯಾಮ ಮಾಡಿಸಿ, ಬರಬಹುದು ಎಂದು ಡಾಕ್ಟರು ಹೇಳಿದ್ದರು. ‘ಬರಬಹುದು’ ಎಂಬ ಮಾತನ್ನು ನಾನು ಜೀವನದುದ್ದಕ್ಕೂ ಗೌರವಿಸಿದ್ದೇನೆ; ಅಂದು ಅದರಷ್ಟು ಕೆಟ್ಟ ಮಾತು ಬೇರೆ ಇಲ್ಲ ಎನಿಸಿತು.

ಮಾಮ ಸುಮ್ಮನಾದರು. ಹಿಂಡಲು ಕೊಟ್ಟ ರಬ್ಬರ್ ಚೆಂಡು ಕಿಟಕಿಯಲ್ಲಿ ಮೋಸಂಬಿಗಳ ನಡುವೆ ಬಿದ್ದಿತ್ತು. ಮಾದರಿಯ ಪೊಟ್ಟಣಗಳನ್ನು ಬಿಚ್ಚಲಿಲ್ಲ. ಬಂದವರು "ಹೆಂಗಾತ್ರೀ?" ಎಂದರೆ, "ಆತಪ್ಪ, ಏನೋ ಆತು" ಎಂದು ಗೋಡೆಯ ಕಡೆ ಹೊರಳಿದರು. ನಾನೇ ಬೇಕೆಂದು, "ಎರಡೂ ಕೈ ಬಿಟ್ರ ಮತ್ತೇನಾಗ್ತೈತ್ರಿ" ಎಂದು ಕೆಣಕಿದೆ. ತಿರುಗಿ ಬೈಯಲಿಲ್ಲ. ಅವರು ಬೈಯದ ಮನೆ ಎಷ್ಟು ದೊಡ್ಡದು, ಎಷ್ಟು ಖಾಲಿ ಎಂದು ನನಗೆ ಗೊತ್ತಿರಲಿಲ್ಲ. ಗಿರಿಜಾ ಒಲೆಯ ಮುಂದೆ ಕಣ್ಣೊರೆಸಿಕೊಂಡದ್ದನ್ನು ಕಂಡೆ. ಆ ಹೆಬ್ಬೆರಳು ಹೋದರೆ ಮಾಮನಲ್ಲಿ ಮಾಮ ಎಂದು ಹೇಳುವಂಥದು ಬಹಳ ಉಳಿಯುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಊರುಗೋಲು ಊರಿಕೊಂಡು ಹೋಗಿ ಅವರ ಮಂಚದ ಅಂಚಿನಲ್ಲಿ ಕೂತೆ. "ಮಾಮಾ, ನಾ ತಿರುಗಿ ನೋಡಿದ್ದೆ. ತಪ್ಪು ನಂದು" ಎಂದೆ.

ಗೆದ್ದೆನೆಂದು ಕುಣಿಯುತ್ತಾರೆ, ಮಾರುಕಟ್ಟೆಗೆಲ್ಲ ಫೋನು ಮಾಡುತ್ತಾರೆ ಎಂದುಕೊಂಡಿದ್ದೆ. ಮಾಮ ನಿಧಾನಕ್ಕೆ ಈ ಕಡೆ ಹೊರಳಿ, ಹುಬ್ಬು ಗಂಟಿಕ್ಕಿ ನೋಡಿದರು.

"ನಿಂದ್ ಹೆಂಗ ಆಗ್ತೈತಿ?"

"ನೋಡಿದೆ ಅಂತ ಹೇಳಾಕತ್ತೀನಲ್ಲ."

"ನೀ ಯಾವಾಗ ನಿನ್ನಷ್ಟಕ್ಕ ನೀ ಏನರ ನೋಡೀಯೋ ಮಾರಾಯ? ನಾ ಕರದೆ. ‘ಲೇ ಅಳಿಯಾ, ಇಲ್ ನೋಡು, ಎಂಥಾ ಎಳಿ ಐತಿ’ ಅಂತ ನಾನ ಒದರಿದೆ. ಹಿರೇರು ಕರದ್ರ ನೋಡದ ಇರ್ತಾರೇನು?"

"ಕರದ್ರೂ ಗಾಡಿ ಓಡಸೋನು ನೋಡಬಾರದಿತ್ತು."

"ಗಾಡಿ ಓಡಸೋನ್ನ ಕರೀಬಾರದಿತ್ತು!"

"ಕರದಿದ್ದು ತಪ್ಪಲ್ಲ ಮಾಮಾ, ನೋಡಿದ್ದು ತಪ್ಪು."

"ಏಯ್, ಸಾಕ್ ಬಿಡು, ಕಾಲೇಜಿನ ಮಾತು ಆಡಬ್ಯಾಡ ನನ್ ಮುಂದ!"

ದನಿ ಬೀದಿಗೆ ಕೇಳುವಷ್ಟು ಏರಿತ್ತು. ಗಿರಿಜಾ ಹಿಟ್ಟಿನ ಕೈಯಲ್ಲೇ ಓಡಿಬಂದು, "ಈಗೇನಾತಪ್ಪಾ?" ಎಂದಳು.

"ನೋಡವ್ವ, ನಿನ್ನ ಗಂಡ ನನ್ನ ತಪ್ಪು ಕಸಗೊಳ್ಳಾಕ ಬಂದಾನ!" ಎಂದರು ಮಾಮ. ಸಿಟ್ಟಿನಲ್ಲಿ ಎದ್ದು ಕೂತು, ಪಕ್ಕದ ಪೊಟ್ಟಣ ಹರಿದು ಒಂದು ಚಿಟಿಕೆ ಹತ್ತಿ ಕಿತ್ತು, "ಹಿಂಗ ಹಿಡದಿದ್ದೆ. ಹಿಂಗ ಹಿಡದು ಇವನ್ನ ಕರದೆ" ಎಂದು ತೋರಿಸಹೋದರು. ಹತ್ತಿ ಜಾರಿ ತೊಡೆಯ ಮೇಲೆ ಬಿತ್ತು. ಮತ್ತೆ ತೆಗೆದರು, ಮತ್ತೆ ಬಿತ್ತು. ನಾನು ಬೇಕೆಂದೇ, "ನಾ ನೋಡಿದಾಗ ಹಂಗ ಹಿಡದಿರಲಿಲ್ಲ ನೀವು" ಎಂದೆ. ಅದಕ್ಕೆ ಬಂದ ಬೈಗುಳ ಇಲ್ಲಿ ಬರೆಯುವಂಥದಲ್ಲ. ಆ ಬೈಗುಳದ ಭರದಲ್ಲಿ ಹೆಬ್ಬೆರಳು ಒಂದಿಷ್ಟು ಬಾಗಿತು, ಹತ್ತಿ ನಿಂತಿತು, ಅಡ್ಡಾದಿಡ್ಡಿಯಾಗಿ ಎಳೆ ಹೊರಟಿತು. ಮಾಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು.

"ಎಳಿ ಚಲೋ ಐತಿ" ಎಂದರು. "ಹೆಬ್ಬಟ್ಟು ಸುಮಾರೈತಿ."

ಈಗ ಅವರು ಮಾರುಕಟ್ಟೆಗೆ ಹೋಗುತ್ತಾರೆ. ಹೆಬ್ಬೆರಳು ಬೇಗ ದಣಿಯುತ್ತದೆ, ನಾಲಿಗೆ ದಣಿಯುವುದಿಲ್ಲ. ನಾನು ಕೋಲು ಹಿಡಿದು ಪಾಠ ಮಾಡುತ್ತೇನೆ. ಈಚೆಗೆ ಒಬ್ಬರು ತಡವಾಗಿ ಮಾತಾಡಿಸಲು ಬಂದು, ತಪ್ಪು ಯಾರದಂತೆ ಎಂದು ಕೇಳಿದರು. ನಾವಿಬ್ಬರೂ ಒಂದೇ ಉಸಿರಿಗೆ "ನಂದು" ಎಂದೆವು. ಪಾಪ, ಇಬ್ಬರಿಗೂ ತಲೆಗೆ ಬಲವಾದ ಪೆಟ್ಟೇ ಬಿದ್ದಿದೆ ಎಂದು ಅವರು ಹೊರಗೆ ಹೇಳಿಕೊಂಡು ಹೋದರಂತೆ.

ನನಗೆ ಉಳಿದಿರುವುದು ಒಂದೇ ಕಸಿವಿಸಿ. ಮಾಮ ನಿಜವಾಗಿ ನನ್ನನ್ನು ಕರೆದಿದ್ದರೇ? ಅಷ್ಟು ಜನರಿಗೆ ಎರಡು ಭಾಷೆಯಲ್ಲಿ ಕಥೆ ಹೇಳಿದಾಗ ಒಮ್ಮೆಯೂ ಆ ಕೂಗು ಅದರಲ್ಲಿ ಇರಲಿಲ್ಲ. ನನ್ನ ಮುಖ ನೋಡಿ, ಅಳಿಯನ ಭಾರ ಇಳಿಸಲೆಂದು ಆ ಕ್ಷಣದಲ್ಲಿ ಹುಟ್ಟಿಸಿದ ಮಾತಿರಬಹುದು. ಆದರೆ ಈಗ ನನಗೆ ಆ ಕೂಗು ಗಾಳಿಯ ಸದ್ದಿನ ಸಮೇತ ಕೇಳಿಸುತ್ತದೆ. ಗಿರಿಜಾಳನ್ನು ಕೇಳಿದೆ. "ನೀವು ತಿರುಗಿ ನೋಡಿದ್ದು ಖರೇನ?" ಎಂದಳು. ಖರೇ ಇರಬೇಕು ಎಂದೆ. "ಹಂಗಾದ್ರ ಅಪ್ಪ ಕರದಿದ್ದೂ ಖರೇನ ಇರಬೇಕು" ಎಂದು ಸೊಪ್ಪು ಸೋಸತೊಡಗಿದಳು. ತರಗತಿಯಲ್ಲಿ ಇಂಥ ಉತ್ತರ ಬರೆದವರಿಗೆ ನಾನು ಸೊನ್ನೆ ಕೊಡುತ್ತೇನೆ. ಮನೆಯಲ್ಲಿ ತಲೆಯಾಡಿಸಿ ಒಪ್ಪಿಕೊಂಡೆ. ಒಪ್ಪಿಕೊಂಡದ್ದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ.