ವಾಯವ್ಯದ ಗುಂಡಿ, ಈಶಾನ್ಯದ ಬಾವಿ

ಮನೆ ಕಟ್ಟಿದವರು ಬಂದವರಿಗೆಲ್ಲ ದೇವರ ಕೋಣೆ ತೋರಿಸುತ್ತಾರೆ, ಅಡುಗೆಮನೆಯ ಗ್ರಾನೈಟ್ ತೋರಿಸುತ್ತಾರೆ. ನೆಲದ ಕೆಳಗೆ ಏನಿದೆ ಅಂತ ಯಾರೂ ತೋರಿಸುವುದಿಲ್ಲ. ಅದು ಗೊತ್ತಿರುವುದು ಭದ್ರಾವತಿಯ ಜನ್ನಾಪುರದಲ್ಲಿ ಸಿಮೆಂಟ್ ರಿಂಗು, ಪೈಪು, ಕಮೋಡು ಮಾರುವ ನನ್ನಂಥವನಿಗೆ. ಅಂಗಡಿ ತೆರೆದಾಗಿನಿಂದ ನೋಡುತ್ತಿದ್ದೇನೆ, ನೆಲದ ಮೇಲೆ ಮನುಷ್ಯ ಎಷ್ಟು ದೊಡ್ಡವನೋ, ನೆಲದ ಕೆಳಗಿನ ಎಡವಟ್ಟೂ ಅಷ್ಟೇ ದೊಡ್ಡದು. ಇಂಥವು ವರ್ಷಕ್ಕೆ ಎರಡಾದರೂ ಆಗುತ್ತವೆ. ಆದರೆ ಒಂದೇ ಗುಂಡಿ ಇಷ್ಟು ಜನರ ಮರ್ಯಾದೆ ನುಂಗಿದ್ದನ್ನು ನಾನು ಕಂಡಿದ್ದು ಇದೊಂದೇ ಸಲ.

೧. ಅನುಮತಿ ಕೇಳಿದವನು

ಕಾರ್ಖಾನೆಯಿಂದ ನಿವೃತ್ತನಾದ ಫೋರ್‌ಮನ್ ಒಬ್ಬ ನಮ್ಮ ಬೀದಿಯಲ್ಲಿ ಮನೆ ಕಟ್ಟಿಸಿದ. ಗೇಟ್ ಪಾಸ್ ಇಲ್ಲದೆ ಒಂದು ಬೋಲ್ಟನ್ನೂ ಹೊರಗೆ ಬಿಟ್ಟವನಲ್ಲ. ನನ್ನ ಅಂಗಡಿಗೆ ಬಂದು ಎಂಟು ರಿಂಗು ಹೇಳಿ, "ಪರ್ಮಿಷನ್ ಬಂದ ಮೇಲೆ ಕಳಿಸಿ ಸಾಮಿ" ಅಂದ.

"ಯಾವ ಪರ್ಮಿಷನ್ನು?"

"ಸೆಪ್ಟಿಕ್ ಟ್ಯಾಂಕ್‌ಗೆ. ನಗರಸಭೆಯಿಂದ ತಗೋಬೇಕಲ್ವಾ?"

ನನ್ನ ಜೀವಮಾನದಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನಗರಸಭೆಯವರೂ ಕೇಳಿರಲಿಲ್ಲ ಅಂತ ಕಾಣುತ್ತದೆ. ಗುಮಾಸ್ತ ಮೂರು ಬೀರು ತಡಕಿದರೂ ಅರ್ಜಿ ನಮೂನೆ ಸಿಗಲಿಲ್ಲವಂತೆ. ಕೊನೆಗೆ, "ಅಕ್ಕಪಕ್ಕದವರು ಯಾರಾದ್ರೂ ಕಂಪ್ಲೇಂಟ್ ಕೊಟ್ಟಿದಾರಾ?" ಅಂತ ಕೇಳಿದನಂತೆ.

"ಇಲ್ಲ ಸಾರ್."

"ಗಲಾಟೆನೇ ಇಲ್ಲ ಅಂದ್ಮೇಲೆ ಪರ್ಮಿಷನ್ ಯಾಕ್ರೀ? ಸುಮ್ನೆ ತೋಡಿ ಮಾರಾಯ್ರೇ."

ಇವನು ಒಪ್ಪಲಿಲ್ಲ. ಬಿಳಿ ಹಾಳೆಯ ಮೇಲೆ ಬರೆದುಕೊಟ್ಟ. 'ಆಕ್ಷೇಪಣೆ ಇದ್ದವರು ತಿಳಿಸಬಹುದು' ಅಂತ ನೋಟಿಸು ಬೋರ್ಡಿಗೆ ಬಿತ್ತು. ಅಲ್ಲಿಯವರೆಗೆ ಆಕ್ಷೇಪಣೆ ಯಾರಿಗೂ ಇರಲಿಲ್ಲ. ಕೇಳಿದ ಮೇಲೆ ಇಲ್ಲ ಅನ್ನುವುದಕ್ಕೆ ನಮ್ಮವರಿಗೆ ಸಂಕೋಚ.

೨. ಪ್ರಸಾದದ ಜೊತೆ ಒಂದು ಸಹಿ

ಫೋರ್‌ಮನ್ ಮನೆಯ ಪಡುವಣ ಗೋಡೆಗೆ ಅಂಟಿಕೊಂಡೇ ನಿವೃತ್ತ ಸಂಸ್ಕೃತ ಮೇಷ್ಟ್ರ ಮನೆ. ಪಂಚಾಂಗ, ಮುಹೂರ್ತ, ವಾಸ್ತು, ಬೀದಿಗೆಲ್ಲ ಅವರದೇ. ಅವರ ಅಂಗಳದ ಈಶಾನ್ಯ ಮೂಲೆಯಲ್ಲಿ ಒಂದು ಬಾವಿ. ಯಾರ ಮನೆಯ ಪೂಜೆಯಾದರೂ ತೀರ್ಥಕ್ಕೆ ಅದೇ ನೀರು. "ಗಂಗೆ ಕಣಯ್ಯಾ, ಗಂಗೆ" ಅಂತ ಮೇಷ್ಟ್ರು ಉದ್ಧರಣೆಯಿಂದ ಬಿಟ್ಟರೆ ನಾವೆಲ್ಲ ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದೆವು.

ಫೋರ್‌ಮನ್ನನ ಗುಂಡಿ ಬರುವುದು ಸರಿಯಾಗಿ ಆ ಬಾವಿಯ ಪಕ್ಕ, ಮಧ್ಯೆ ಒಂದು ಕಾಂಪೌಂಡ್ ಗೋಡೆ. ಮೇಷ್ಟ್ರು ಕೆರಳಿದರು. ಆ ವಾರವೇ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡು ಬೀದಿಯನ್ನೆಲ್ಲ ಕರೆದರು. ಬಂದವರ ಎಡಗೈಗೆ ಸಪಾದ ಭಕ್ಷ್ಯದ ದೊನ್ನೆ, ಬಲಗೈಗೆ ಪೆನ್ನು. "ಒಂದು ಸಹಿ ಹಾಕಿಬಿಡಿ."

ಸಾಲಿನಲ್ಲಿ ಮುಂದಿದ್ದವರನ್ನು, "ಯಾತಕ್ಕೆ ಅರ್ಜಿ?" ಅಂತ ಗೊತ್ತಿಲ್ಲದವನ ಹಾಗೆ ಕೇಳಿದೆ.

"ಬೀದಿ ದೀಪಕ್ಕಿರಬೇಕು" ಅಂದರು.

ಅವರ ಹಿಂದೆ ನಾನು. ನನಗೆ ವಿಷಯ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದೆ. ಮೇಷ್ಟ್ರು ವಾಸ್ತು ನೋಡಿಕೊಟ್ಟ ಮನೆಗಳಿಗೆಲ್ಲ ಪೈಪು ಹೋಗುವುದು ನನ್ನ ಅಂಗಡಿಯಿಂದ. ರಿಂಗಿಗೆ ಆರ್ಡರ್ ಹಿಡಿದವನೂ ನಾನೇ, ಆ ರಿಂಗು ನೆಲಕ್ಕೆ ಇಳಿಯಬಾರದು ಅಂತ ಸಹಿ ಹಾಕಿದವನೂ ನಾನೇ. ವ್ಯಾಪಾರ ಅಂದಮೇಲೆ ಎರಡೂ ಕಡೆ ಒಂದೊಂದು ಕಾಲಿರಬೇಕು.

ಕಷ್ಟವಾದದ್ದು ಫೋರ್‌ಮನ್ನನಿಗೆ. ತಿಂಗಳ ಕೊನೆಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಗೃಹಪ್ರವೇಶದ ಮುಹೂರ್ತವನ್ನೂ ಮೇಷ್ಟ್ರೇ ಇಟ್ಟುಕೊಟ್ಟಿದ್ದರು. ಅವನ ಹೆಂಡತಿ ನನ್ನ ಅಂಗಡಿಯಲ್ಲೇ ನಿಂತು ಗಂಡನಿಗೆ ಹೇಳಿದಳು: "ಬಾಗಿಲಿಲ್ಲದ ಮನೆಗಾದ್ರೂ ಬರ್ತೀನಿ, ಸೂರಿಲ್ಲದ ಮನೆಗಾದ್ರೂ ಬರ್ತೀನಿ. ಅದು ಇಲ್ಲದ ಮನೆಗೆ ಮಾತ್ರ ಬರಲ್ಲ. ನೀವು, ನಿಮ್ಮ ಪರ್ಮಿಷನ್ನು ಇಬ್ರೇ ಹಾಲುಕ್ಕಿಸ್ಕೊಳ್ಳಿ."

೩. ಇತರರ ಸ್ವತ್ತು

ನಗರಸಭೆಯಲ್ಲಿ ವಿಚಾರಣೆ. ಮೇಜಿನ ಆಚೆ ಇಂಜಿನಿಯರು, ಪಕ್ಕದಲ್ಲಿ ನಮ್ಮ ವಾರ್ಡಿನ ಕೌನ್ಸಿಲರು. ಫೋರ್‌ಮನ್, ಮೇಷ್ಟ್ರು ಇಬ್ಬರೂ ತಮ್ಮ ಓಟಿನವರೇ ಆದ್ದರಿಂದ ಕೌನ್ಸಿಲರು ಮೊದಲೇ ರಾಜಿ ಸೂತ್ರ ತಂದಿದ್ದರು: "ನಾಲ್ಕು ರಿಂಗು ಆ ಕಡೆ, ನಾಲ್ಕು ರಿಂಗು ಈ ಕಡೆ ಹಾಕಿದ್ರೆ ಹೆಂಗೆ?"

ಇಂಜಿನಿಯರು ಆ ಮಾತು ಕೇಳಿಸದವರಂತೆ ಫೋರ್‌ಮನ್ನನ ಕಡೆ ತಿರುಗಿದರು. "ಅಷ್ಟು ದೊಡ್ಡ ಸೈಟಲ್ಲಿ ಬಾವಿ ಪಕ್ಕದ ಮೂಲೆನೇ ಬೇಕಿತ್ತೇನ್ರೀ? ಯಾರು ಹೇಳಿದ್ದು ನಿಮಗೆ?"

ಫೋರ್‌ಮನ್ ಪ್ಲಾಸ್ಟಿಕ್ ಕವರಿನಿಂದ ಒಂದು ಹಾಳೆ ತೆಗೆದ. ನಾಲ್ಕು ಮೂಲೆಗೂ ಅರಿಶಿನ ಕುಂಕುಮ. 'ಮಲಗುಂಡಿ ವಾಯವ್ಯದಲ್ಲಿಯೇ ಇರತಕ್ಕದ್ದು' ಅಂತ ದುಂಡಗಿನ ಅಕ್ಷರ. ಕೆಳಗೆ ಮೇಷ್ಟ್ರ ಸಹಿ.

ಇಂಜಿನಿಯರು ಹಾಳೆಯನ್ನು ಮೇಷ್ಟ್ರ ಕಡೆ ತಳ್ಳಿದರು. ಫೋರ್‌ಮನ್ನನ ವಾಯವ್ಯ ಮೂಲೆ ಅಂದರೆ ಗೋಡೆಯಾಚೆ ಮೇಷ್ಟ್ರ ಈಶಾನ್ಯ. ಶಾಸ್ತ್ರದ ಪ್ರಕಾರ ಇವರ ಬಾವಿಯೂ ಸರಿ, ಅವನ ಗುಂಡಿಯೂ ಸರಿ. ಶಾಸ್ತ್ರ ಮಾಡಿದವರು ಪಕ್ಕದ ಮನೆಯ ವಿಚಾರ ಮಾಡಿರಲಿಲ್ಲ.

"ನಿಮ್ಮ ಪಕ್ಕದ ಸೈಟು ಅಂತ ಗೊತ್ತಾಗ್ಲಿಲ್ವಾ ಮೇಷ್ಟ್ರೇ?"

"ನನ್ನ ಹತ್ರ ತಂದಿದ್ದು ಬರೀ ನಕ್ಷೆ" ಅಂದರು ಮೇಷ್ಟ್ರು. "ಅದರಲ್ಲಿ ಪಡುವಣಕ್ಕೆ 'ಇತರರ ಸ್ವತ್ತು' ಅಂತ ಬರೆದಿತ್ತು. ಇತರರು ಅಂದ್ರೆ ನಾನೇ ಅಂತ ಕನಸು ಬಿದ್ದಿತ್ತೇನು?"

೪. ತಂಬಿಗೆಯ ಪ್ರಯಾಣ

"ಅದು ಕುಡಿಯೋ ನೀರಿನ ಬಾವಿ ಅಂತ ದಾಖಲೆ ತನ್ನಿ" ಅಂದರು ಇಂಜಿನಿಯರು. ನೀರಿನ ಪರೀಕ್ಷೆ ಆಗುವುದು ಶಿವಮೊಗ್ಗದಲ್ಲಿ. ನನಗೂ ಅಲ್ಲಿ ಸರಕಿನ ಕೆಲಸ ಇತ್ತು, ಜೊತೆಗೆ ಹೊರಟೆ.

ಮೇಷ್ಟ್ರು ಬಾವಿ ನೀರನ್ನು ತಾಮ್ರದ ತಂಬಿಗೆಯಲ್ಲಿ ತುಂಬಿ, ಮೇಲೆ ತುಳಸಿ ಇಟ್ಟು, ಬಾಯಿಗೆ ಕೆಂಪು ಬಟ್ಟೆ ಬಿಗಿದು ಎದೆಗವಚಿಕೊಂಡಿದ್ದರು. ಬಸ್ಸು ತುಂಬಿತ್ತು. ಶಂಕರಘಟ್ಟದ ಕಡೆಯಿಂದ ಬಂದಿದ್ದ ವಿದ್ಯಾರ್ಥಿಯೊಬ್ಬ ತಂಬಿಗೆಯನ್ನೂ ಮೇಷ್ಟ್ರ ಮುಖವನ್ನೂ ನೋಡಿ ತಟ್ಟನೆ ಎದ್ದು ಸೀಟು ಬಿಟ್ಟ. ಸ್ವಲ್ಪ ದೂರ ಹೋದಮೇಲೆ ಬಗ್ಗಿ, ಮೆಲ್ಲಗೆ ಕೇಳಿದ:

"ತುಂಗೆಗೆ ಬಿಡೋಕಾ ಸರ್? ಮನೆಯವರಾ?"

ಮೇಷ್ಟ್ರು ಬೆಂಕಿಯಾದರು. ನಾನು ಅವರ ಮೊಣಕೈ ಅದುಮಿದೆ. "ಸುಮ್ನಿರಿ. ಜೀವಂತ ಇದಾರೆ ಅಂದ್ರೆ ಸೀಟು ವಾಪಸ್ ಕೇಳ್ತಾನೆ."

ಶಿವಮೊಗ್ಗ ಮುಟ್ಟುವವರೆಗೆ ಮೇಷ್ಟ್ರು ವಿಧುರರ ಹಾಗೆ ಕೂತಿದ್ದರು.

೫. ಗಂಗೆಯ ವರದಿ

ಪ್ರಯೋಗಾಲಯದವರು ತಂಬಿಗೆಯ ನೀರು ಮುಟ್ಟಲಿಲ್ಲ. ಬೇರೆ ಬಾಟಲಿ ಕೊಟ್ಟು ಕಳಿಸಿದರು. ಮೇಷ್ಟ್ರು ಮತ್ತೊಮ್ಮೆ ತಂದುಕೊಟ್ಟರು. ಕೆಲವು ದಿನಗಳಲ್ಲಿ ವರದಿ ಬಂತು: 'ಮಲದ ಅಂಶ ಕಂಡುಬಂದಿದೆ. ಕುಡಿಯಲು ಯೋಗ್ಯವಲ್ಲ.'

ಮೇಷ್ಟ್ರಿಗೆ ಗೆದ್ದಷ್ಟು ಸಂತೋಷ. ಸಹಿ ಹಾಕಿದವರನ್ನೆಲ್ಲ ಕರೆದುಕೊಂಡು ನಗರಸಭೆಗೆ ನುಗ್ಗಿ, ವರದಿಯನ್ನು ಮೇಜಿನ ಮೇಲೆ ಬಡಿದರು. "ನೋಡಿ! ಇವನ ಗುಂಡಿ ನನ್ನ ಗಂಗೆಯನ್ನ ಏನು ಮಾಡಿದೆ ನೋಡಿ!"

ಇಂಜಿನಿಯರು ಓದಿದರು. ಫೋರ್‌ಮನ್ನನನ್ನು ಕೇಳಿದರು, "ಗುಂಡಿ ತೋಡಿದೀರಾ?"

"ಇಲ್ಲ ಸಾಮಿ. ಸುಣ್ಣದಲ್ಲಿ ಗುರುತು ಹಾಕಿದೀನಿ, ಅಷ್ಟೇ. ಪರ್ಮಿಷನ್ ಎಲ್ಲಿ ಬಂದಿದೆ?"

ಇಂಜಿನಿಯರು ವರದಿ ಮಡಚಿ ಈ ಕಡೆ ತಿರುಗಿದರು.

"ಹಾಗಾದ್ರೆ ನಿಮ್ಮ ಟ್ಯಾಂಕ್ ಎಲ್ಲಿದೆ ಮೇಷ್ಟ್ರೇ?"

"ಎಲ್ಲಿರಬೇಕೋ ಅಲ್ಲಿ. ವಾಯವ್ಯದಲ್ಲಿ."

ಗುಂಡಿ ಖಾಲಿ ಮಾಡುವ ಸಕ್ಕಿಂಗ್ ಗಾಡಿ ಹೊರಗೇ ನಿಂತಿತ್ತು. ಇಂಜಿನಿಯರು ಅದರ ಡ್ರೈವರನ್ನು ಕರೆಸಿದರು. ಅವನು ಒಳಗೆ ಬಂದವನೇ ಮುಖ ಅರಳಿಸಿ, "ನಮಸ್ಕಾರ ಮೇಷ್ಟ್ರೇ! ಏನು, ಈ ಸಲ ಬೇಗ ತುಂಬಿಬಿಡ್ತಾ?" ಅಂದ. ಆಮೇಲೆ ಇಂಜಿನಿಯರಿಗೆ, "ವಾಯವ್ಯದಲ್ಲಿ ಬಾಡಿಗೆ ರೂಮಿದೆ ಸಾರ್. ಟ್ಯಾಂಕು ಬಾವಿ ಪಕ್ಕ, ಬಟ್ಟೆ ಒಗೆಯೋ ಕಲ್ಲಿನ ಕೆಳಗೆ. ಕಲ್ಲು ಸರಿಸೋಕೇ ಇಬ್ಬರು ಬೇಕು."

ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಷ್ಟು ವರ್ಷದ ತೀರ್ಥ! ನಾನೂ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಇಂಜಿನಿಯರು ಅಲ್ಲಿಗೇ ಬಿಡಲಿಲ್ಲ. ಸಹಿ ಹಾಕಿದವರೆಲ್ಲ ತಂತಮ್ಮ ಟ್ಯಾಂಕಿನ ಅನುಮತಿ ಪತ್ರ ತೋರಿಸಿ ಅಂದರು. ಒಬ್ಬರ ಹತ್ತಿರವೂ ಇಲ್ಲ. ಇಡೀ ಬೀದಿಯಲ್ಲಿ ಕಾನೂನು ಕೇಳಿದವನು ಒಬ್ಬನೇ, ಅಷ್ಟು ದಿನ ನಗರಸಭೆಯ ಬಾಗಿಲು ಕಾದವನೂ ಅವನೊಬ್ಬನೇ. ಅವನ ಗುಂಡಿಯನ್ನು ಬಾವಿಯಿಂದ ದೂರ, ಎದುರಿನ ಆಗ್ನೇಯ ಮೂಲೆಗೆ ಹಾಕಿ ಅಲ್ಲೇ ಅನುಮತಿ ಬರೆದರು. "ಆಗ್ನೇಯನಾ!" ಅಂತ ಮೇಷ್ಟ್ರು ಬಾಯಿ ತೆರೆದರು. ಫೋರ್‌ಮನ್ನನ ಹೆಂಡತಿ, "ಚಿಲಕ ಹಾಕ್ಕೊಳ್ಳೋ ಹಾಗಿದ್ರೆ ಸಾಕು ಸಾಮಿ, ದಿಕ್ಕು ಯಾವುದಾದ್ರೇನು" ಅಂದಳು. ಮೇಷ್ಟ್ರಿಗೂ ಹೊಸ ಟ್ಯಾಂಕ್ ಕಟ್ಟಿಸಲು ನೋಟಿಸು ಬಂತು. ಅವರ ರಿಂಗೂ ನನ್ನ ಅಂಗಡಿಯದೇ.

ಇಟ್ಟ ಮುಹೂರ್ತಕ್ಕೇ ಗೃಹಪ್ರವೇಶ ಆಯಿತು. ಪೌರೋಹಿತ್ಯ ಬೇರೆ ಯಾರದು, ಮೇಷ್ಟ್ರದೇ. ಬೀದಿಗೆ ಬೀದಿಯೇ ಬಂದಿತ್ತು. ಪೂಜೆ ಮುಗಿದು ಮೇಷ್ಟ್ರು ತೀರ್ಥ ಹಿಡಿದುಕೊಂಡು ಬಂದರು. ಮೊದಲನೆಯವರು ಕೈಯೊಡ್ಡಿ, ಭಕ್ತಿಯಿಂದ ತಲೆಗೆ ಸವರಿಕೊಂಡರು. ಎರಡನೆಯವರೂ ತಲೆಗೆ. ಮೂರನೆಯವನು ನಾನು, ನಾನೂ ತಲೆಗೆ. ಒಂದು ತೊಟ್ಟೂ ಯಾರ ಗಂಟಲಿಗೂ ಇಳಿಯಲಿಲ್ಲ.

ಮೇಷ್ಟ್ರಿಗೆ ತಡೆಯಲಿಲ್ಲ. "ಕುಡೀರಯ್ಯಾ! ಇದು ಬಾವಿ ನೀರಲ್ಲ. ಇವರ ಮನೆ ನಲ್ಲೀದು, ನಗರಸಭೆ ನೀರು!"

ಅಷ್ಟು ಹೊತ್ತಿಗೆ ಕುಡಿಯಲೆಂದು ಕೈಯನ್ನು ತುಟಿಯವರೆಗೂ ಒಯ್ದಿದ್ದವರು ಒಬ್ಬರೇ, ನಮ್ಮ ಕೌನ್ಸಿಲರು. ಆ ಮಾತು ಕಿವಿಗೆ ಬಿದ್ದದ್ದೇ ಅವರೂ ಗಬಕ್ಕನೆ ತಲೆಗೆ ಸವರಿಕೊಂಡರು.