ಅಕ್ಕ ಹೇಳಿದ ಎರಡೂವರೆ

ಆ ಶನಿವಾರ ಬಾಗಲಕೋಟೆಯ ದವಾಖಾನೆಯಲ್ಲಿ ನಾನು ಅಕ್ಕನನ್ನು ಬೈದೆನೋ ತಮಾಷೆ ಮಾಡಿದೆನೋ, ಈಗ ಖಾತ್ರಿಯಿಲ್ಲ. ತಮಾಷೆ ಎಂದೇ ನನ್ನ ನೆನಪು. ಆದರೆ ನನ್ನ ನೆನಪಿಗೆ ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುವ ಚಾಳಿ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಸಂಶಯಿಸಲು ಕಲಿಸಿದರು. ನನ್ನನ್ನು ಮಾತ್ರ ಪಠ್ಯದಲ್ಲಿ ಸೇರಿಸಿರಲಿಲ್ಲ.

ಅಕ್ಕ ಇಳಕಲ್ಲಿನಲ್ಲಿ ಸೀರೆ ನೇಯುವವಳು. ಕಾಯಿಲೆಯಾಗಿ ದವಾಖಾನೆ ಸೇರಿದಾಗ, ವಾರ್ಡಿನ ಒಂದೇ ಪ್ಲಗ್ಗಿಗೆ ಹತ್ತು ಮಂದಿಯ ಕಣ್ಣು. ಜೊತೆಗಿದ್ದ ಭಾವ ಫೋನ್ ಇಟ್ಟುಕೊಂಡವರಲ್ಲ. ಸೋಮವಾರ ನಾನು ಬಾದಾಮಿಯಿಂದ ಒಂದು ಪವರ್ ಬ್ಯಾಂಕ್ ಒಯ್ದುಕೊಟ್ಟೆ. ಡಬ್ಬಿಯ ಮೇಲೆ ಇಪ್ಪತ್ತು ಸಾವಿರ ಎಂಎಎಚ್ ಎಂದಿತ್ತು. ಅಕ್ಕನ ಮೊಬೈಲಿನ ಬ್ಯಾಟರಿಯದು ಐದು ಸಾವಿರ. ಅಂಗಡಿಯವನನ್ನು, ಗ್ಯಾರಂಟಿ ಚೀಟಿಯನ್ನು, ಕೊನೆಗೆ ಅವನ ನಗುವನ್ನೂ ಸಂಶಯಿಸಿದ ನಾನು ಆ ಅಂಕಿಯನ್ನು ಮಾತ್ರ ನಂಬಿಬಿಟ್ಟೆ. ಶೇಷವಿಲ್ಲದ ಭಾಗಾಕಾರ ಕಂಡರೆ ನನ್ನಂಥವರಿಗೆ ಭಕ್ತಿ ಬರುತ್ತದೆ.

"ನಾಕ್ ಸಲ ತುಂಬತೈತಿ ಯಕ್ಕಾ. ದಿನಾ ಸಂಜಿಮುಂದ ಫೋನ್ ಮಾಡ್ತೇನಿ" ಎಂದೆ.

ಗುರುವಾರ ಸಂಜೆ ಫೋನ್ ಸ್ವಿಚ್ ಆಫ್. ಶುಕ್ರವಾರವೂ ಅಷ್ಟೇ. ಶನಿವಾರ ಹೋದವನೇ ಕೇಳಿದೆ: "ಬರೇ ವಿಡಿಯೋ ನೋಡ್ಕೋತ ಕುಂತಿದ್ದೇನು?"

"ಎರಡೂವರಿ ಸಲ ಕೊಡ್ತು ತಮ್ಮಾ, ಅಷ್ಟ."

"ಅದೆಂಗ? ನಾ ಲೆಕ್ಕಾ ಮಾಡೇನಿ."

ಅಕ್ಕ ನಕ್ಕಳು. "ಮಗ್ಗದ ಮ್ಯಾಲ ಬಿಗಿದಾಗಿನ ಅಳತಿ ಬ್ಯಾರೆ, ಕೆಳಗ ಇಳಿಸಿದ ಮ್ಯಾಲಿನ ಅಳತಿ ಬ್ಯಾರೆ. ಅರಿವಿ ಜಗ್ಗೋದು ಬಿಟ್ಟ ಕೂಡ್ಲೆ ಕುಗ್ಗತೈತಿ. ನಿನ್ ಡಬ್ಬಿ ಮ್ಯಾಲ ಯಾವ ಅಳತಿ ಬರದಾರ, ನೋಡಿಯೇನು?"

"ಇದು ಸೀರಿ ಅಲ್ಲಬೇ ಯಕ್ಕಾ" ಎಂದೆ. ಭಾವ ಕಿಟಕಿಯ ಕಡೆ ಮುಖ ತಿರುಗಿಸಿದರು.

ಮುಂದಿನ ಶನಿವಾರಕ್ಕೆ ಅಕ್ಕ ಇರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಭಾವ ಪವರ್ ಬ್ಯಾಂಕನ್ನೂ ಅಕ್ಕನ ಮೊಬೈಲನ್ನೂ ತಂದು ನನ್ನ ಕೈಗಿಟ್ಟರು. "ಭಾವಾ, ಅವತ್ತ ನಾ ನಗಚಾಟಿಗೆ ಅಂದಿದ್ನಲ್ರಿ?" ಎಂದು ಕೇಳಿದೆ.

"ನಕ್ಕಾಕಿ ಆಕಿ. ನೀ ನಕ್ಕಿರಲಿಲ್ಲಪಾ" ಎಂದರು. ಮೊಬೈಲಿನ ಕಡೆ ಕೈ ತೋರಿಸಿ, "ಆ ಎರಡೂ ಸಂಜಿ ಬಂದ್ ಬಿದ್ದ ಫೋನ್ ಕೈಯಾಗ ಹಿಡಕೊಂಡ ಕುಂತಿದ್ಲು. ನೀ ಫೋನ್ ಮಾಡ್ತೇನಿ ಅಂದಿದ್ಯಲ್ಲಾ" ಎಂದರು.

ಮನೆಗೆ ಬಂದು ಡಬ್ಬಿ ಹುಡುಕಿದೆ. ಹಿಂಬದಿಯಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಇನ್ನೊಂದು ಅಂಕಿಯಿತ್ತು: ಹೊರಗೆ ಸಿಗುವುದು ಹನ್ನೆರಡೂವರೆ ಸಾವಿರ. ದೊಡ್ಡ ಅಂಕಿ ಒಳಗಿನ ಬ್ಯಾಟರಿಯದು. ಫೋನಿಗೆ ಬೇಕಾದ ವೋಲ್ಟೇಜಿಗೆ ಏರಿಸುವಾಗ ಅದು ಕುಗ್ಗುತ್ತದೆ. ನನ್ನ ಹೆಸರಿನ ಮುಂದೆಯೂ ಎಂ.ಎಸ್ಸಿ. ಎಂದು ದಪ್ಪ ಅಕ್ಷರದಲ್ಲಿದೆ. ಹೊರಗೆ ಸಿಗುವುದೆಷ್ಟು ಎಂಬುದನ್ನು ಯಾರೂ ಅಚ್ಚು ಹಾಕಿಲ್ಲ.

ಆದರೂ ನಾನು ಸಂಶಯದ ಪ್ರಾಣಿ. ಪವರ್ ಬ್ಯಾಂಕನ್ನು ಪೂರ್ತಿ ತುಂಬಿಸಿ, ಅಕ್ಕನ ಮೊಬೈಲಿಗೇ ಹಚ್ಚಿ ನೋಡಿದೆ. ಎರಡು ಸಲ ತುಂಬಿತು. ಮೂರನೆಯ ಸಲ ಐವತ್ತೊಂದಕ್ಕೆ ನಿಂತಿತು.